ಮೂಕಿಚಿತ್ರದಿಂದ ಮಾತಿಲ್ಲದ ರಂಗಕ್ಕೆ: ಕೋಟ ಶಿವರಾಮ ಕಾರಂತರ ಚಿತ್ರಬದುಕು

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಕೋಟ ಶಿವರಾಮ ಕಾರಂತರು (1902-1997) ಪ್ರಧಾನವಾಗಿ ಕಾದಂಬರಿಕಾರರೆಂದೇ ಪರಿಗಣಿತರಾಗಿದ್ದಾರೆ. ನಲವತ್ತೇಳು ಕಾದಂಬರಿಗಳ ಹರಹು ಎಷ್ಟು ದೊಡ್ಡದೆಂದರೆ, ಅದರ ನೆರಳಿನಲ್ಲಿ ಅವರ ಉಳಿದ ಕೆಲಸಗಳು ಹವ್ಯಾಸಗಳ ಪಟ್ಟಿಯಾಗಿ ಕಿರಿದಾಗಿಬಿಡುತ್ತವೆ. ಚಿತ್ರ ಬರೆದದ್ದು, ಮುದ್ರಣದಲ್ಲಿ ಪ್ರಯೋಗ ನಡೆಸಿದ್ದು, ಮೂಕಿಚಿತ್ರ ನಿರ್ದೇಶಿಸಿದ್ದು, ಯಕ್ಷಗಾನದಿಂದ ನೃತ್ಯರೂಪಕ ಕಟ್ಟಿದ್ದು - ಇವೆಲ್ಲ ಬಹುಮುಖ ಪ್ರತಿಭೆ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ. ಆದರೆ ಈ ಕೆಲಸಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದಾಗ ಅವುಗಳ ಹಿಂದೆ ಒಂದೇ ಪ್ರಶ್ನೆ ಮರಳಿ ಮರಳಿ ಎದುರಾಗುವುದು ಕಾಣುತ್ತದೆ. ಚಿತ್ರವನ್ನೂ ಚಲನೆಯನ್ನೂ ನಂಬಿದ ಕಲಾವಿದನೊಬ್ಬ ಉದ್ಯಮದ ಆಳಾಗದೆ, ಪೈಪೋಟಿಯ ಮಾರುಕಟ್ಟೆಯಲ್ಲಿ ತನ್ನ ಕಲೆಯನ್ನು ಉಳಿಸಿಕೊಂಡು ಬದುಕಬಲ್ಲನೆ? ಈ ಪ್ರಶ್ನೆಯ ಬೆಳಕಿನಲ್ಲಿ ಕಾರಂತರ ಬದುಕನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಟ್ಟಿದ ನೆಲ ಮತ್ತು ನೋಟದ ಪರಂಪರೆ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಅಂದು ಕೋಟವು ಮದ್ರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಹಳ್ಳಿ. 1997ರಲ್ಲಿ ಉಡುಪಿ ಜಿಲ್ಲೆ ರೂಪುಗೊಂಡಿತು. 2018ರಲ್ಲಿ ಬ್ರಹ್ಮಾವರ ಮತ್ತು ಬೈಂದೂರು ಪ್ರತ್ಯೇಕ ತಾಲೂಕುಗಳಾದ ಮೇಲೆ ಕೋಟ, ಸಾಲಿಗ್ರಾಮಗಳು ಬ್ರಹ್ಮಾವರ ತಾಲೂಕಿಗೆ ಸೇರಿದವು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ಹಬ್ಬಿದ ಈ ಕರಾವಳಿಯ ಪಟ್ಟಿ ಮಾತಿನ ರೀತಿಯಲ್ಲಿಯೂ ಕಲೆಯ ರೀತಿಯಲ್ಲಿಯೂ ಒಂದೇ ಘಟಕವಾಗಿ ಉಳಿದಿದೆ. ಕುಂದಾಪುರ ಕನ್ನಡ ಈ ಪ್ರದೇಶದ ಆಡುನುಡಿ. ಬಡಗುತಿಟ್ಟಿನ ಯಕ್ಷಗಾನ ಇಲ್ಲಿಯ ಪ್ರಧಾನ ರಂಗಕಲೆ.

ಸಿನಿಮಾ ಬರುವುದಕ್ಕೆ ಬಹು ಮುಂಚೆಯೇ ಈ ಪ್ರದೇಶದಲ್ಲಿ ಚಲಿಸುವ ಚಿತ್ರವನ್ನು ಕತ್ತಲೆಯಲ್ಲಿ ಕುಳಿತು ನೋಡುವ ಪರಂಪರೆಯಿತ್ತು ಎಂಬುದನ್ನು ಗಮನಿಸಬೇಕು. ಸುಗ್ಗಿಯ ನಂತರದ ಗದ್ದೆಯಲ್ಲಿ ದೀವಟಿಗೆಯ ಬೆಳಕಿಗೆ ಹೊಳೆಯುವ ಕೇದಗೆ ಮುಂದಲೆ, ದೊಡ್ಡ ಮುಂಡಾಸು, ಕೆಂಪು ಕಪ್ಪು ಚೌಕುಳಿಯ ಕಸೆ ಸೀರೆ, ಮುಖವರ್ಣಿಕೆ - ಇವೆಲ್ಲ ಪಾತ್ರವನ್ನು ಮನುಷ್ಯನ ಅಳತೆಯಿಂದ ಬಿಡಿಸಿ ಚಿತ್ರದ ಅಳತೆಗೆ ಏರಿಸುತ್ತವೆ. ಕುಂದಾಪುರಕ್ಕೆ ಸಮೀಪದ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ಇದೇ ವೇಷ, ಇದೇ ಹೆಜ್ಜೆಗಳನ್ನು ಮರದ ಸೂತ್ರದ ಗೊಂಬೆಗಳಿಗೆ ಅಳವಡಿಸಿದ್ದರು. ಈ ಪರಂಪರೆಯ ಕೊಗ್ಗ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಸಂದಿತು. ಜಡವಾದ ಆಕೃತಿಗೆ ದಾರದಿಂದ ಜೀವ ತುಂಬುವ ಕೈಚಳಕ ಮತ್ತು ಬಣ್ಣದಿಂದ ದೇಹವನ್ನು ಆಕೃತಿಯಾಗಿಸುವ ವೇಷಗಾರಿಕೆ ಈ ನೆಲದ ಎರಡು ಸಹಜ ವಿದ್ಯೆಗಳು. ಕಾರಂತರ ಕಣ್ಣು ಬೆಳೆದದ್ದು ಇಂಥ ನೆಲದಲ್ಲಿ.

ಕುಂದಾಪುರದಲ್ಲಿ ಪ್ರೌಢಶಾಲೆಯ ಓದು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದ ಕಾರಂತರು ಅಸಹಕಾರ ಚಳುವಳಿಯ ಕರೆಗೆ ಓಗೊಟ್ಟು 1921ರ ಸುಮಾರಿಗೆ ಕಾಲೇಜನ್ನು ತೊರೆದರು. ಪದವಿಯಿಲ್ಲದ, ನೌಕರಿಯ ಹಂಬಲವೂ ಇಲ್ಲದ ತರುಣನಾಗಿ ಕುಂದಾಪುರಕ್ಕೆ ಮರಳಿ ಖಾದಿ ಪ್ರಚಾರ, ಪಾನನಿರೋಧ, ಸಮಾಜಸುಧಾರಣೆಗಳಲ್ಲಿ ತೊಡಗಿದರು. ಇದೇ ದಶಕದಲ್ಲಿ ಅವರು ‘ವಸಂತ’ ಎಂಬ ಪತ್ರಿಕೆಯನ್ನು ನಡೆಸಿದರು. ಪತ್ರಿಕೆಯ ಪುಟ ತುಂಬಿಸಲು ಪತ್ತೇದಾರಿ ಕಥೆಗಳನ್ನೂ ಬರೆದರು. ಈ ಪತ್ರಿಕೆ ಕಾರಂತರಿಗೆ ಸಾಹಿತ್ಯದ ಮೊದಲ ಪಾಠಶಾಲೆಯಾದಂತೆ ಮಾರುಕಟ್ಟೆಯ ಮೊದಲ ಪಾಠಶಾಲೆಯೂ ಆಯಿತು. ಓದುಗನ ಕುತೂಹಲವನ್ನು ಮುಂದಿನ ಸಂಚಿಕೆಯವರೆಗೆ ಹಿಡಿದಿಡುವುದು, ಕಾಗದದ ಬೆಲೆ, ಅಂಚೆಯ ವೆಚ್ಚ, ಚಂದಾದಾರರ ಬಾಕಿ - ಕಲೆಗಾರನು ಮರೆಯಲು ಬಯಸುವ ಇಂಥ ಲೆಕ್ಕಗಳ ನಡುವೆಯೇ ಅವರ ಬರವಣಿಗೆ ಆರಂಭವಾಯಿತು.

ಉದ್ಯಮವಾಗುತ್ತಿದ್ದ ಸಿನಿಮಾ

ಕಾರಂತರು ಸಿನಿಮಾದ ಕಡೆಗೆ ತಿರುಗಿದ ಸಂದರ್ಭವನ್ನು ಅರಿಯಲು ಭಾರತೀಯ ಚಲನಚಿತ್ರದ ಆರಂಭದ ಸ್ವರೂಪವನ್ನು ನೆನೆಯಬೇಕು. ಈ ಮಾಧ್ಯಮವನ್ನು ಇಲ್ಲಿ ಕಟ್ಟಿದವರಲ್ಲಿ ಪ್ರಮುಖರಾದ ಕೆಲವರು ಚಿತ್ರ ಬರೆದು, ಚಿತ್ರ ಅಚ್ಚುಹಾಕಿ ಹೊಟ್ಟೆ ಹೊರೆದವರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ದಾದಾಸಾಹೇಬ್ ಫಾಲ್ಕೆಯವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಛಾಯಾಗ್ರಾಹಕರಾಗಿ, ಬ್ಲಾಕು ಮತ್ತು ಮುದ್ರಣದ ಕಸುಬುದಾರರಾಗಿ ದುಡಿದಿದ್ದರು. ಬೆಂಕಿಕಡ್ಡಿಗಳನ್ನು ಒಂದೊಂದೇ ಚೌಕಟ್ಟಿನಲ್ಲಿ ಸರಿಸಿ ಚಿತ್ರೀಕರಿಸಿ, ಅವು ತಾವಾಗಿ ಕುಣಿಯುವಂತೆ ತೋರಿಸಿದ ಅವರ 1915ರ ಪ್ರಯೋಗ ಭಾರತದಲ್ಲಿ ಅನಿಮೇಷನ್ ಕಲೆಯ ನಾಂದಿಯಾಯಿತು. ಕೊಲ್ಹಾಪುರದ ಬಾಬುರಾವ್ ಪೇಂಟರ್ ನಾಟಕದ ಪರದೆಗಳನ್ನು ಬರೆಯುತ್ತಿದ್ದವರು. ಅಂದರೆ ವಾಣಿಜ್ಯ ಚಿತ್ರಕಲೆಯ ಕಸುಬು ಮತ್ತು ಚಲನಚಿತ್ರ ಒಂದೇ ಮನೆಯ ಎರಡು ಕೋಣೆಗಳಂತಿದ್ದವು.

ಆದರೆ 1920ರ ದಶಕದ ಕೊನೆಗೆ ಪರಿಸ್ಥಿತಿ ಬದಲಾಗಿತ್ತು. ಕಸುಬುದಾರನ ಮನೆಯಂಗಳದಿಂದ ಸಿನಿಮಾ ಕಂಪೆನಿಗಳ ಸ್ಟುಡಿಯೋಗಳಿಗೆ ಸರಿದಿತ್ತು. ಮುಂಬಯಿ, ಕಲಕತ್ತಾ, ಕೊಲ್ಹಾಪುರ, ಪುಣೆಗಳು ಇದರ ಕೇಂದ್ರಗಳಾಗಿದ್ದವು. ಕನ್ನಡ ನಾಡಿನಲ್ಲಿಯೂ ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪೆನಿ ಚಿತ್ರಗಳನ್ನು ತಯಾರಿಸುತ್ತಿತ್ತು. ಮೋಹನ್ ಭವನಾನಿಯವರು ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ಟಿ.ಪಿ. ಕೈಲಾಸಂ ಅವರಂಥವರನ್ನು ಒಳಗೊಂಡು ‘ಮೃಚ್ಛಕಟಿಕ’ವನ್ನು ಚಿತ್ರವಾಗಿಸಿದರು, ಗುಬ್ಬಿ ವೀರಣ್ಣನವರು ನಾಟಕ ಕಂಪೆನಿಯ ಬಲದ ಮೇಲೆ ಮೂಕಿಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. ಇವರೆಲ್ಲರ ಹಿಂದೆ ಬಂಡವಾಳವೋ ಕಂಪೆನಿಯೋ ನಗರವೋ ಇತ್ತು.

ಕರಾವಳಿಗೆ ಈ ಯಾವ ಅನುಕೂಲವೂ ಇರಲಿಲ್ಲ. ರೈಲು 1907ರಲ್ಲಿ ಮಂಗಳೂರನ್ನು ಮುಟ್ಟಿ ಅಲ್ಲಿಯೇ ನಿಂತಿತ್ತು; ಕುಂದಾಪುರಕ್ಕೆ ಅದು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಜೊತೆಗೆ. ಸೇತುವೆಗಳಿಲ್ಲದ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಾಗಿದ್ದ ಕಾಲವದು. ಮಳೆಗಾಲದ ನಾಲ್ಕು ತಿಂಗಳು ಹೊರಾಂಗಣದಲ್ಲಿ ಸೂರ್ಯನ ಬೆಳಕನ್ನು ನಂಬಿ ಚಿತ್ರೀಕರಿಸುವುದು ಅಸಾಧ್ಯ. ಕೈಯಿಂದ ಹಿಡಿ ತಿರುಗಿಸುವ ಕ್ಯಾಮೆರಾದಲ್ಲಿ ಒಂದು ಅಡಿ ಫಿಲ್ಮಿಗೆ ಹದಿನಾರು ಚೌಕಟ್ಟುಗಳು; ಸೆಕೆಂಡಿಗೆ ಹದಿನಾರರ ಲೆಕ್ಕದಲ್ಲಿ ಓಡಿಸಿದರೆ ಸಾವಿರ ಅಡಿಯ ಒಂದು ಸುರುಳಿ ಹದಿನೇಳು ನಿಮಿಷವನ್ನೂ ಪೂರ್ತಿಯಾಗಿ ತುಂಬುವುದಿಲ್ಲ. ಕಚ್ಚಾ ಫಿಲ್ಮು ವಿದೇಶದಿಂದ ಬರಬೇಕಾಗಿತ್ತು. ತಪ್ಪಿದ ದೃಶ್ಯವೆಂದರೆ ಹಾಳಾದ ಹಣ ಎಂದೇ ಅರ್ಥ. ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದು, ತೇವದ ಹವೆಯಲ್ಲಿ ಕೆಡುವಂಥದು. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲವೆಂಬ ಸಂಗತಿಯಿಂದ ಈ ಮಾಧ್ಯಮದ ಅಸ್ಥಿರತೆ ಸ್ಪಷ್ಟವಾಗುತ್ತದೆ.

‘ಡೊಮಿಂಗೊ’ ಮತ್ತು ‘ಭೂತರಾಜ್ಯ’

ಇಂಥ ಹಿನ್ನೆಲೆಯಲ್ಲಿ ಕಾರಂತರು 1930ರಲ್ಲಿ ‘ಡೊಮಿಂಗೊ’ ಮತ್ತು 1931ರಲ್ಲಿ ‘ಭೂತರಾಜ್ಯ’ ಎಂಬ ಎರಡು ಮೂಕಿಚಿತ್ರಗಳನ್ನು ನಿರ್ದೇಶಿಸಿದರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ‘ಚೋಮನ ದುಡಿ’ ಇನ್ನೂ ಪ್ರಕಟವಾಗಿರಲಿಲ್ಲ. ಆದ್ದರಿಂದ ಪ್ರಸಿದ್ಧ ಲೇಖಕನೊಬ್ಬ ಸಿನಿಮಾದ ಆಕರ್ಷಣೆಗೆ ಒಳಗಾದ ಪ್ರಸಂಗವೆಂದು ಇದನ್ನು ಓದುವುದು ಕಾಲಕ್ರಮದ ದೃಷ್ಟಿಯಿಂದಲೇ ತಪ್ಪಾಗುತ್ತದೆ. ಕಾದಂಬರಿಯಲ್ಲಿ ತನ್ನ ನಿಜವಾದ ದಾರಿಯನ್ನು ಕಂಡುಕೊಳ್ಳುವ ಮುನ್ನವೇ ಕಾರಂತರು ಕ್ಯಾಮೆರಾದ ಕಣ್ಣಿನಿಂದ ನೋಡಿದ್ದರು.

ಮೂಕಿಚಿತ್ರಕ್ಕೆ ಒಂದು ಅನುಕೂಲವಿತ್ತು. ಅದಕ್ಕೆ ಭಾಷೆಯ ಗಡಿಯಿರಲಿಲ್ಲ. ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು ಬದಲಿಸಿದರೆ ಒಂದೇ ಚಿತ್ರ ಯಾವ ಸೀಮೆಯಲ್ಲಾದರೂ ನಡೆಯುತ್ತಿತ್ತು. ಸ್ಟುಡಿಯೋದ ಗೋಡೆಗಳ ಅಗತ್ಯವೂ ಅನಿವಾರ್ಯವಾಗಿರಲಿಲ್ಲ. ಬಂಡವಾಳವಿಲ್ಲದ ಸ್ವತಂತ್ರ ಕಲಾವಿದನಿಗೆ ತೆರೆದಿದ್ದ ಕಿರುಬಾಗಿಲು ಇದು. ಆದರೆ ಕಾರಂತರು ಆ ಬಾಗಿಲನ್ನು ಹೊಕ್ಕ ಹೊತ್ತಿಗೆ ಅದು ಮುಚ್ಚುತ್ತಿತ್ತು. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಬಿಡುಗಡೆಯಾಗಿ ಭಾರತೀಯ ತೆರೆ ಮಾತನಾಡತೊಡಗಿತು. ಧ್ವನಿಗ್ರಹಣದ ಯಂತ್ರ, ಸದ್ದು ಹೊಗದ ಸ್ಟುಡಿಯೋ, ಸಂಗೀತಗಾರರ ಮೇಳ, ಹೊಸ ಪ್ರದರ್ಶನ ಸಲಕರಣೆ - ಇವು ವೆಚ್ಚವನ್ನು ಹಲವು ಮಡಿ ಏರಿಸಿದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತಾದರೂ ಅದರ ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಬೆಂಗಳೂರು, ಮೈಸೂರುಗಳ ನಿರ್ಮಾಪಕರೇ ಪರಸ್ಥಳದ ಸ್ಟುಡಿಯೋಗಳನ್ನು ಅವಲಂಬಿಸಬೇಕಾದ ಸ್ಥಿತಿಯಲ್ಲಿ ಕರಾವಳಿಯ ಒಂಟಿ ಪ್ರಯೋಗಕಾರನಿಗೆ ಉಳಿದದ್ದು ಎರಡೇ ದಾರಿಗಳು: ಯಾವುದಾದರೂ ಕಂಪೆನಿಯನ್ನು ಸೇರುವುದು, ಇಲ್ಲವೆ ಸಿನಿಮಾವನ್ನು ಬಿಡುವುದು. ಕಾರಂತರ ಮುಂದಿನ ಬದುಕು ಎರಡನೆಯ ದಾರಿಯಲ್ಲಿ ಸಾಗಿತು. ‘ಭೂತರಾಜ್ಯ’ದ ನಂತರ ಅವರು ಮತ್ತೆ ನಿರ್ದೇಶಕರಾಗಿ ಕಾಣಿಸಿಕೊಳ್ಳುವುದು 47 ವರ್ಷಗಳ ಬಳಿಕ.

ಅಚ್ಚುಮನೆ ಮತ್ತು ಚಿತ್ರ

1930ರ ದಶಕದಲ್ಲಿ ಪುತ್ತೂರು ಕಾರಂತರ ಕಾರ್ಯಕ್ಷೇತ್ರವಾಯಿತು. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಸ್ನೇಹ, ನಾಡಹಬ್ಬದ ಉತ್ಸವಗಳು, ಮಕ್ಕಳಿಗಾಗಿ ಬಾಲವನದ ಪ್ರಯೋಗ, 1936ರಲ್ಲಿ ಲೀಲಾ ಆಳ್ವರೊಂದಿಗೆ ಅಂತರ್ಜಾತೀಯ ವಿವಾಹ - ಇವೆಲ್ಲ ಆ ದಶಕಕ್ಕೆ ಸೇರಿದವು. ಸಿನಿಮಾದಲ್ಲಿ ನಿಂತುಹೋದ ದೃಶ್ಯದ ಹಂಬಲ ಇಲ್ಲಿ ಪುಸ್ತಕದ ಪುಟಕ್ಕೆ ಹರಿಯಿತೆಂದು ಹೇಳಲು ಸಾಕಷ್ಟು ಆಧಾರಗಳಿವೆ. 1936ರಲ್ಲಿ ಹೊರಬಂದ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಕನ್ನಡದ ಮಗುವಿಗೆ ಜಗತ್ತನ್ನು ತೋರಿಸಹೊರಟ ಗ್ರಂಥಗಳು. ಮಗುವಿಗೆ ನಕ್ಷತ್ರವನ್ನೂ ಜೀವಿಯನ್ನೂ ಯಂತ್ರವನ್ನೂ ಪರಿಚಯಿಸುವಾಗ ಚಿತ್ರವು ಮಾತಿನ ಅಲಂಕಾರವಾಗಿರದೆ ವಿವರಣೆಯ ಅಂಗವಾಗಬೇಕೆಂಬ ತಿಳುವಳಿಕೆ ಈ ಕೆಲಸದ ಹಿಂದೆ ಇದೆ. 1959ರಿಂದ ಪ್ರಕಟವಾದ ‘ವಿಜ್ಞಾನಪ್ರಪಂಚ’ದ ನಾಲ್ಕು ಸಂಪುಟಗಳು ಇದೇ ದಾರಿಯನ್ನು ವಿಸ್ತರಿಸಿದವು.

ಕಾರಂತರು ಬರೆಯುವುದರಲ್ಲಿ ನಿಲ್ಲಲಿಲ್ಲ. 1930 ಮತ್ತು 1940ರ ದಶಕಗಳಲ್ಲಿ ಮುದ್ರಣದ ತಂತ್ರಗಳಲ್ಲಿ ಪ್ರಯೋಗ ನಡೆಸಿ, ತಮ್ಮ ಕಾದಂಬರಿಗಳನ್ನು ತಾವೇ ಅಚ್ಚುಹಾಕಿದರು. ಬರಹಗಾರ, ಮುದ್ರಕ, ಪ್ರಕಾಶಕ - ಮೂವರ ಹೊಣೆಯನ್ನೂ ಒಬ್ಬನೇ ಹೊರುವ ಈ ಕ್ರಮ ಅವರಿಗೆ ಹಣದ ನಷ್ಟವನ್ನು ತಂದಿತು. ಈ ನಷ್ಟವನ್ನು ವ್ಯವಹಾರದ ಅನನುಭವವೆಂದು ಬಗೆಯುವುದು ಸುಲಭ. ಆದರೆ ಮೂಕಿಚಿತ್ರದ ಅನುಭವದ ಪಕ್ಕದಲ್ಲಿ ಇಟ್ಟು ನೋಡಿದರೆ ಇದರಲ್ಲಿ ಒಂದು ನಿಲುವು ಕಾಣುತ್ತದೆ. ಕಲಾಕೃತಿಯ ಕಲ್ಪನೆ ಒಬ್ಬನದು, ಕೈಕೆಲಸ ಇನ್ನೊಬ್ಬನದು, ಲಾಭ ಮೂರನೆಯವನದು ಎಂಬ ಉದ್ಯಮದ ಹಂಚಿಕೆಯನ್ನು ಕಾರಂತರು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ತೆರಬೇಕಾದ ಬೆಲೆಯನ್ನೂ ತೆತ್ತರು. ಸಂಸಾರವಂದಿಗನೊಬ್ಬನ ಸ್ವಾತಂತ್ರ್ಯದ ಲೆಕ್ಕದಲ್ಲಿ ಅವನ ಮನೆಯವರ ಪಾಲೂ ಸೇರಿರುತ್ತದೆ. ಆದುದರಿಂದ ಈ ನಷ್ಟವನ್ನು ಆದರ್ಶವೆಂದು ಕೊಂಡಾಡಿ ಮುಂದೆ ಸಾಗುವುದೂ ಸರಿಯಾಗದು.

ಕಾದಂಬರಿಯಿಂದ ತೆರೆಗೆ

1933ರ ‘ಚೋಮನ ದುಡಿ’ಯಿಂದ ಕಾದಂಬರಿಯೇ ಕಾರಂತರ ಪ್ರಧಾನ ಮಾಧ್ಯಮವಾಯಿತು. ಕಾಗದ ಮತ್ತು ಲೇಖನಿ ಮಾತ್ರ ಬೇಡುವ ಈ ಪ್ರಕಾರದಲ್ಲಿ ಅವರು ಯಾರ ಹಂಗೂ ಇಲ್ಲದೆ ಇಡೀ ಕರಾವಳಿಯನ್ನು ಚಿತ್ರಿಸಬಹುದಾಗಿತ್ತು. ಕೋಟದ ಆಸುಪಾಸಿನ ಕಡಲತೀರವನ್ನು ಹಿನ್ನೆಲೆಯಾಗಿಸಿಕೊಂಡ ‘ಮರಳಿ ಮಣ್ಣಿಗೆ’ ಮೂರು ತಲೆಮಾರುಗಳ ಕಥೆ. ಮೂರನೆಯ ತಲೆಮಾರಿನ ರಾಮ ಮದ್ರಾಸು, ಮುಂಬಯಿಗಳನ್ನು ಕಂಡು, ಕಲಿತ ವಿದ್ಯೆಗೆ ನಗರದಲ್ಲಿ ನೆಲೆ ಸಿಗದೆ ಊರಿಗೆ ಮರಳುತ್ತಾನೆ. ಸಂಗೀತವನ್ನು ಪ್ರೀತಿಸುವ ಈ ತರುಣನ ಪಾಡಿನಲ್ಲಿ, ದುಡಿಮೆಯ ಪೇಟೆಗೂ ಕಲೆಯ ಒಲವಿಗೂ ನಡುವೆ ಸಿಲುಕಿದ ಕುಂದಾಪುರ ಸೀಮೆಯ ಒಂದು ಪೀಳಿಗೆಯೇ ಕಾಣುತ್ತದೆ. ದೃಶ್ಯವನ್ನು ವರ್ಣನೆಯ ಮೂಲಕ ಹೇಳದೆ ಪಾತ್ರಗಳ ದುಡಿಮೆಯ ಮೂಲಕ ಕಾಣಿಸುವ ಕಾರಂತರ ಗದ್ಯಕ್ರಮದಲ್ಲಿ ಹಳೆಯ ಕ್ಯಾಮೆರಾದ ಶಿಸ್ತು ಉಳಿದಿದೆ ಎನ್ನಬಹುದು.

ಮುಂದೆ ಸಿನಿಮಾವೇ ಅವರ ಬಳಿಗೆ ಬಂದಿತು. ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ (1975) ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು. ಚೋಮನ ಪಾತ್ರಕ್ಕಾಗಿ ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ, ಕಥೆಗಾಗಿ ಶಿವರಾಮ ಕಾರಂತರಿಗೆ ರಾಷ್ಟ್ರಪ್ರಶಸ್ತಿ ಸಂದವು. ಆ ಹೊತ್ತಿಗೆ ಕನ್ನಡದಲ್ಲಿ ಕಡಿಮೆ ವೆಚ್ಚದ, ಸ್ಟುಡಿಯೋದ ಹೊರಗಿನ ಚಿತ್ರಗಳ ಹೊಸ ಅಲೆ ಎದ್ದಿತ್ತು. 1930ರಲ್ಲಿ ಒಂಟಿಯಾಗಿದ್ದ ದಾರಿಯಲ್ಲಿ ಈಗ ಜೊತೆಗಾರರಿದ್ದರು. 1978ರಲ್ಲಿ, ಜ್ಞಾನಪೀಠ ಪ್ರಶಸ್ತಿಯ ಗೌರವದ ಬೆನ್ನಿಗೇ, ಕಾರಂತರು ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ಆಧರಿಸಿ ‘ಮಲೆಯ ಮಕ್ಕಳು’ ಚಿತ್ರವನ್ನು ತಾವೇ ನಿರ್ದೇಶಿಸಿದರು. ಎಪ್ಪತ್ತೈದರ ಅಂಚಿನಲ್ಲಿದ್ದ ಲೇಖಕ, ಇನ್ನೊಬ್ಬರ ಕೈಯಲ್ಲಿ ಚೆನ್ನಾಗಿ ಚಿತ್ರವಾಗಿದ್ದ ಕೃತಿಯ ಕೀರ್ತಿಯಲ್ಲಿ ತೃಪ್ತನಾಗದೆ ಮತ್ತೆ ನಿರ್ದೇಶನಕ್ಕೆ ಇಳಿದದ್ದು ಹಳೆಯ ಹಂಬಲ ಆರಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಮಾತಿಲ್ಲದ ಯಕ್ಷಗಾನ

ಆದರೂ ಕಾರಂತರ ಚಿತ್ರಬದುಕಿನ ಅತ್ಯಂತ ಫಲವತ್ತಾದ ಭಾಗ ತೆರೆಯ ಮೇಲೆ ನಡೆಯಲಿಲ್ಲ. ರಂಗದ ಮೇಲೆ ನಡೆಯಿತು. ಯಕ್ಷಗಾನದ ವೇಷ, ಹೆಜ್ಜೆ, ರಾಗ, ಪ್ರಸಂಗಗಳ ಅಧ್ಯಯನದ ಫಲವಾದ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಕು.ಶಿ. ಹರಿದಾಸ ಭಟ್ಟರ ಒತ್ತಾಸೆಯಿಂದ ಯಕ್ಷಗಾನ ಕೇಂದ್ರ ಆರಂಭವಾದಾಗ ಕಾರಂತರು ಅದರ ಮಾರ್ಗದರ್ಶಕರಾದರು. ಬ್ರಹ್ಮಾವರ ಸೀಮೆಯ ಮಟಪಾಡಿ ವೀರಭದ್ರ ನಾಯಕರು, ನೀಲಾವರ ರಾಮಕೃಷ್ಣಯ್ಯನವರು, ಮದ್ದಳೆಯ ಹಿರಿಯಡ್ಕ ಗೋಪಾಲರಾಯರು ಅಲ್ಲಿ ಗುರುಗಳಾಗಿ ದುಡಿದರು. ಇದೇ ದಶಕದಲ್ಲಿ ಕಾರಂತರು ಪುತ್ತೂರನ್ನು ಬಿಟ್ಟು ಸಾಲಿಗ್ರಾಮಕ್ಕೆ, ಹುಟ್ಟಿದ ಊರಿನ ಮಗ್ಗುಲಿಗೆ ಬಂದು ನೆಲಸಿದರು.

ತಮ್ಮ ಯಕ್ಷಗಾನ ನೃತ್ಯರೂಪಕಗಳಲ್ಲಿ ಕಾರಂತರು ಮಾತುಗಾರಿಕೆಯನ್ನು ತೆಗೆದುಹಾಕಿದರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ತಾಸುಗಳಿಗೆ ಇಳಿಸಿದರು. ಭಾಗವತಿಕೆ, ಮದ್ದಳೆ, ಚಂಡೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದರು. ಕಥೆ ಹಾಡು, ಹೆಜ್ಜೆ, ಬಣ್ಣಗಳಿಂದಲೇ ಸಾಗಬೇಕು. ಕನ್ನಡ ತಿಳಿಯದ ಪ್ರೇಕ್ಷಕನಿಗೂ ಅದು ಮುಟ್ಟಬೇಕು ಎಂಬುದು ಇದರ ತತ್ತ್ವ. ಈ ತತ್ತ್ವ ಮೂಕಿಚಿತ್ರದ ತತ್ತ್ವಕ್ಕೆ ಎಷ್ಟು ಹತ್ತಿರ ಎಂಬುದನ್ನು ಕಾರಂತರ ವಿಮರ್ಶೆ ಸಾಕಷ್ಟು ಗುರುತಿಸಿಲ್ಲ. ಸೂಕ್ತ ಸಮಯಕ್ಕಿಂತ ತಡವಾಗಿ ಹಿಡಿದು, ವಾಕ್ಚಿತ್ರದ ಬರವಿನಿಂದ ಕೈಬಿಡಬೇಕಾಗಿ ಬಂದ ಮಾತಿಲ್ಲದ ಮಾಧ್ಯಮವನ್ನು ಅವರು ನಾಲ್ಕು ದಶಕಗಳ ನಂತರ ತಮ್ಮದೇ ನೆಲದ ಕಲೆಯಲ್ಲಿ ಮರಳಿ ಪಡೆದರು ಎಂದು ಈ ಪ್ರಯೋಗಗಳನ್ನು ಓದಬಹುದು. ಯಂತ್ರ, ಸ್ಟುಡಿಯೋ, ವಿತರಕರ ಅಗತ್ಯವಿಲ್ಲದ ಈ ರಂಗದಲ್ಲಿ ಉದ್ಯಮದ ಹಿಡಿತವೂ ಸಡಿಲವಾಗಿತ್ತು. ಅವರ ತಂಡ ವಿದೇಶಗಳಲ್ಲಿಯೂ ಪ್ರದರ್ಶನ ನೀಡಿತು.

ಈ ಪ್ರಯೋಗಕ್ಕೆ ಬಂದ ವಿರೋಧವೂ ಕಡಿಮೆಯದಲ್ಲ. ಅರ್ಥಗಾರಿಕೆಯನ್ನು ತೆಗೆದ ಯಕ್ಷಗಾನ ಅರ್ಧ ಯಕ್ಷಗಾನ ಎಂಬ ಆಕ್ಷೇಪ ಕಲಾವಿದರಿಂದಲೂ ರಸಿಕರಿಂದಲೂ ಬಂದಿತು. ಆಕ್ಷೇಪದಲ್ಲಿ ಹುರುಳಿದೆ. ಆಶುವಾಗಿ ಅರ್ಥ ಹೇಳುವ ಕಲಾವಿದ ರಂಗದ ಮೇಲೆ ತಾನೇ ಕರ್ತೃವಾಗಿರುತ್ತಾನೆ. ನಿರ್ದೇಶಕನ ಕಲ್ಪನೆಯಂತೆ ಚಲಿಸುವ ರೂಪಕದಲ್ಲಿ ಆ ಸ್ವಾತಂತ್ರ್ಯ ಕುಗ್ಗುತ್ತದೆ. ಉದ್ಯಮದಲ್ಲಿ ತನ್ನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಕಲಾವಿದನೇ ಇನ್ನೊಬ್ಬ ಕಲಾವಿದನ ಸ್ವಾತಂತ್ರ್ಯವನ್ನು ತನ್ನ ಚಿತ್ರದ ಚೌಕಟ್ಟಿಗೆ ಒಗ್ಗಿಸಬೇಕಾದ ಈ ವೈರುಧ್ಯ ಕಾರಂತರ ಸಾಧನೆಯನ್ನು ಅಲ್ಲಗಳೆಯುವುದಿಲ್ಲವಾದರೂ ಅದರ ಮಿತಿಯನ್ನು ತೋರಿಸುತ್ತದೆ.

ಉಪಸಂಹಾರ

1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯ ವಿರುದ್ಧ ಪ್ರತಿಭಟನೆಯಾಗಿ ಹಿಂದಿರುಗಿಸಿದ್ದು, ಕೈಗಾ ಅಣುಸ್ಥಾವರದ ವಿರೋಧವನ್ನು ಮುಂದಿಟ್ಟು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತದ್ದು - ಇವು ಕಾರಂತರ ಸಾರ್ವಜನಿಕ ಬದುಕಿನ ಪ್ರಸಿದ್ಧ ಪ್ರಸಂಗಗಳು. ಗೆಲುವಿನ ಲೆಕ್ಕ ಹಾಕದೆ ಕೆಲಸಕ್ಕೆ ಇಳಿಯುವ ಈ ಸ್ವಭಾವದ ಮೊದಲ ರೂಪ 1930ರ ಮೂಕಿಚಿತ್ರಗಳಲ್ಲಿಯೇ ಇತ್ತು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರು ನಿಧನರಾದರು. ಬದುಕಿನ ಕೊನೆಯ ದಿನಗಳಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅವರು ಬರೆದದ್ದು ಹಕ್ಕಿಗಳ ಕುರಿತಾದ ಪುಸ್ತಕ. ಅದು ಪ್ರಕಟವಾದದ್ದು 2002ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ.

ಇಂದು ಚಿತ್ರ ಬರೆಯಬಲ್ಲ ಕರಾವಳಿಯ ತರುಣರಿಗೆ ಅನಿಮೇಷನ್, ಜಾಹೀರಾತು, ಸಿನಿಮಾ ಕ್ಷೇತ್ರಗಳು ತೆರೆದಿವೆ. ಕಂಪ್ಯೂಟರು ಬಂದ ಮೇಲೆ ಫಿಲ್ಮಿನ ಸುರುಳಿಯ ವೆಚ್ಚ, ಸಾಗಣೆಯ ತೊಡಕುಗಳು ಇಲ್ಲವಾಗಿವೆ. ಆದರೆ ಸಾವಿರ ಕೈಗಳು ಬರೆದ ಚಿತ್ರದಲ್ಲಿ ಒಂದು ಕೈಯ ಗುರುತು ಉಳಿಯುವುದೆ ಎಂಬ ಪ್ರಶ್ನೆ ಹಾಗೆಯೇ ಇದೆ. ಕಾರಂತರ ಬದುಕು ಇದಕ್ಕೆ ಸಿದ್ಧ ಉತ್ತರವನ್ನು ಕೊಡುವುದಿಲ್ಲ. ಒಂದು ಮಾಧ್ಯಮದ ಬಾಗಿಲು ಮುಚ್ಚಿದಾಗ ಅಲ್ಲಿ ಕಲಿತ ನೋಟವನ್ನು ಪುಸ್ತಕಕ್ಕೆ, ಕಾದಂಬರಿಗೆ, ಕೊನೆಗೆ ಗದ್ದೆಯ ಆಟಕ್ಕೆ ಒಯ್ಯಬಹುದೆಂಬುದನ್ನು, ಹಾಗೆ ಒಯ್ಯಲು ಹಣವನ್ನೂ ಆಯುಷ್ಯವನ್ನೂ ತೆರಬೇಕಾಗುತ್ತದೆಂಬುದನ್ನು ಅದು ತೋರಿಸಿಕೊಡುತ್ತದೆ. ‘ಡೊಮಿಂಗೊ’, ‘ಭೂತರಾಜ್ಯ’ಗಳನ್ನು ಕಾರಂತ ಸಾಹಿತ್ಯದ ಅಡಿಟಿಪ್ಪಣಿಯಿಂದ ಎತ್ತಿ ಅವರ ಒಟ್ಟು ಸಾಧನೆಯ ಮೊದಲ ಅಧ್ಯಾಯವಾಗಿ ಓದಬೇಕಾದ ಅಗತ್ಯ ಈ ಕಾರಣದಿಂದಲೇ ಇದೆ.